ಎಂಟು ಹಾಳೆಯ ಲೆಕ್ಕ: ಇಬ್ಬರು ದಣಿಗಳ ನಡುವೆ ಸಿಕ್ಕಿಬಿದ್ದ ಒಂದು ಊರಿನ ಪ್ರಕರಣ

ಇದು 1531ರಲ್ಲಿ ಮೆಕ್ಸಿಕೋದಲ್ಲಿ ನಡೆದ ಕೋರ್ಟ್ ಪ್ರಕರಣ. ಒಂದು ಊರಿನ ಜನ ತಮ್ಮನ್ನು ಹಿಂಡಿದ ಸ್ಪ್ಯಾನಿಷ್ ಅಧಿಕಾರಿಗಳ ವಿರುದ್ಧ ಸಾಕ್ಷಿ ಹೇಳಿದರು. ಅವರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ, ಜಡ್ಜ್‌ಗಳಿಗೆ ಅವರ ನಾವಾತ್ಲ್ ಭಾಷೆ ಬರುತ್ತಿರಲಿಲ್ಲ. ಎಂಟು ಹಾಳೆಗಳಲ್ಲಿ ಚಿತ್ರ ಬರೆಸಿಕೊಂಡು ಬಂದು ಮುಂದಿಟ್ಟರು. ಏಳು ವರ್ಷದ ನಂತರ ಸ್ಪೇನ್‌ನಿಂದ ಬಂದ ತೀರ್ಪು ಅವರ ಕಡೆಗೇ ಇತ್ತು.

ಗೆದ್ದರು ಅನ್ನೋದು ಅರ್ಧ ಸತ್ಯ ಮಾತ್ರ. ಉಳಿದರ್ಧಕ್ಕಾಗಿಯೇ ಈ ಬರಹ.

ಮೊದಲೇ ಒಂದು ಮಾತು. ಕುರ್ಚಿಯ ಮೇಲೆ ಕೂತಿದ್ದವರ ಹೆಸರು ಇತಿಹಾಸದಲ್ಲಿ ಎಲ್ಲರಿಗೂ ಗೊತ್ತಿರುವುದೇ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಊರಿನ ಹಿರಿಯರು, ಸಾಕ್ಷಿಗಳು, ದುಭಾಷಿ, ಇವರ ಹೆಸರನ್ನು ಬಿಟ್ಟಿದ್ದೇನೆ. ಅವರು ಯಾರು ಅನ್ನೋದಕ್ಕಿಂತ ಯಾವ ಹೊತ್ತಿನಲ್ಲಿ ಏನು ನಿರ್ಧಾರ ಮಾಡಿದರು ಅನ್ನೋದು ಇಲ್ಲಿ ಮುಖ್ಯ.

ಊರು, ದಣಿ, ಕಪ್ಪ

ಊರಿನ ಹೆಸರು ವೆಹೋತ್ಸಿಂಗೊ. ಈಗಿನ ಪ್ವೆಬ್ಲಾ ರಾಜ್ಯದಲ್ಲಿದೆ. ಪೊಪೊಕಾಟೆಪೆಟ್ಲ್ ಮತ್ತು ಇಸ್ತಾಕ್ಸಿವಾಟ್ಲ್ ಎಂಬ ಎರಡು ಹಿಮದ ಪರ್ವತಗಳ ಪೂರ್ವಕ್ಕೆ. ಪರ್ವತದ ಆಚೆ ಬದಿಗೆ ಅಸ್ತೆಕರ ರಾಜಧಾನಿ ತೆನೋಚ್ಟಿಟ್ಲಾನ್, ಅಂದರೆ ಇಂದಿನ ಮೆಕ್ಸಿಕೋ ಸಿಟಿ.

ವೆಹೋತ್ಸಿಂಗೊ ಸೋತ ಊರಲ್ಲ, ಇದು ನೆನಪಿರಲಿ. ಸ್ಪ್ಯಾನಿಷ್ ದಂಡನಾಯಕ ಎರ್ನಾನ್ ಕೊರ್ಟೆಸ್ ಅಸ್ತೆಕರ ಮೇಲೆ ಬಿದ್ದಾಗ ಈ ಊರಿನವರು ಅವನ ಪಕ್ಷ ಸೇರಿದ್ದರು. ನೆರೆಯ ತ್ಲಾಸ್ಕಾಲಾದವರ ಜೊತೆ ಸೇರಿ ಆಳು ಕೊಟ್ಟರು, ಅನ್ನ ಕೊಟ್ಟರು. 1521ರ ಆಗಸ್ಟ್ 13ರಂದು ತೆನೋಚ್ಟಿಟ್ಲಾನ್ ಬಿದ್ದಾಗ ಗೆದ್ದವರ ಸಾಲಿನಲ್ಲಿ ಇವರೂ ಇದ್ದರು.

ಗೆದ್ದ ಮೇಲೆ ಸಿಕ್ಕಿದ್ದು ಏನು? ಎನ್‌ಕೊಮಿಯೆಂದಾ. ಸುಲಭವಾಗಿ ಹೇಳಬೇಕು ಅಂದರೆ, ಒಂದು ಊರಿನ ಕಪ್ಪ ಮತ್ತು ಬಿಟ್ಟಿ ದುಡಿಮೆಯನ್ನು ಒಬ್ಬ ಸ್ಪ್ಯಾನಿಷ್ ದಣಿಗೆ ಬರೆದುಕೊಡುವ ಪದ್ಧತಿ. ಜಮೀನು ಅವನದಲ್ಲ, ಆದರೆ ಜನರ ಬೆವರು ಅವನದು. ಬದಲಿಗೆ ಅವನು ಅವರನ್ನು ಕಾಪಾಡಬೇಕು, ಕ್ರೈಸ್ತ ಧರ್ಮ ಕಲಿಸಬೇಕು ಅಂತ ಕಾಗದದಲ್ಲಿ ಇತ್ತು. ವೆಹೋತ್ಸಿಂಗೊ ಕೊರ್ಟೆಸ್‌ನ ಪಾಲಿಗೆ ಬಂತು. ಜೊತೆಯಲ್ಲಿ ಯುದ್ಧ ಮಾಡಿದವನಿಗೇ ಈಗ ಮೆಕ್ಕೆಜೋಳ ಹೊತ್ತು ಹಾಕಬೇಕು.

1528ರಲ್ಲಿ ಕೊರ್ಟೆಸ್ ತನ್ನ ಮೇಲಿನ ದೂರುಗಳಿಗೆ ಉತ್ತರ ಕೊಡಲು ಸ್ಪೇನ್‌ಗೆ ಹೋದ. ಅವನ ಕೈಗೆ ಅಧಿಕಾರ ಜಾಸ್ತಿ ಆಯಿತು ಅಂತ ರಾಜನಿಗೆ ಅನುಮಾನ. ಅದಕ್ಕೇ ಔದಿಯೆನ್ಸಿಯಾ ಅನ್ನುವ ಮಂಡಳಿಯೊಂದನ್ನು ನೇಮಿಸಿದ್ದ. ಆಡಳಿತವೂ ಅದರದೇ, ನ್ಯಾಯವೂ ಅದರದೇ. ಅಧ್ಯಕ್ಷ ನುನ್ಯೊ ದೆ ಗುಸ್ಮಾನ್. ಜೊತೆಗೆ ನಾಲ್ವರು ಜಡ್ಜ್‌ಗಳು. ಅವರಲ್ಲಿ ಇಬ್ಬರು ಬಂದ ಸ್ವಲ್ಪ ದಿನಕ್ಕೇ ತೀರಿಕೊಂಡರು. ಉಳಿದವರು ಮಟಿಯೆನ್ಸೊ ಮತ್ತು ದೆಲ್ಗಾದಿಯೊ. 1528ರ ಡಿಸೆಂಬರ್‌ನಿಂದ ಈ ಮೂವರದೇ ದರ್ಬಾರು.

ದಣಿ ಊರಲ್ಲಿಲ್ಲ. ಅವನ ವೈರಿಗಳು ಕುರ್ಚಿಯಲ್ಲಿದ್ದಾರೆ. ಮುಂದೇನಾಗುತ್ತೆ ಅಂತ ಊಹಿಸಬಹುದು ಅಲ್ವಾ.

ಸಮಸ್ಯೆ

ಹೊಸ ಮಂಡಳಿಯವರು ಕೊರ್ಟೆಸ್‌ಗೆ ಹೋಗುತ್ತಿದ್ದ ಕಪ್ಪವನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಅದರ ಮೇಲೆ ತಮ್ಮ ಮನೆ ಖರ್ಚಿನದನ್ನೂ ಸೇರಿಸಿದರು. ಕೋಳಿ, ಗೌಜಲಹಕ್ಕಿ, ಮೊಟ್ಟೆ, ಸೌದೆ, ಇದ್ದಿಲು ಎಲ್ಲ ದಿನಾ ಅವರ ಮನೆ ಬಾಗಿಲಿಗೆ ಹೋಗಬೇಕು. ನಾವಾತ್ಲ್ ಬಲ್ಲ ಒಬ್ಬ ಸ್ಪ್ಯಾನಿಷ್ ದುಭಾಷಿ ನಡುವೆ ನಿಂತು ಇದನ್ನೆಲ್ಲ ವಸೂಲಿ ಮಾಡುತ್ತಿದ್ದ. ಅವನ ಪಾಲು ಬೇರೆ.

ವೆಹೋತ್ಸಿಂಗೊದಿಂದ ಮೆಕ್ಸಿಕೋ ಸಿಟಿಗೆ ಹೋಗಬೇಕು ಅಂದರೆ ಪರ್ವತ ದಾಟಬೇಕು. ಎರಡು ಶಿಖರಗಳ ನಡುವಿನ ಕಣಿವೆ ದಾರಿಯೇ 3,600 ಮೀಟರ್‌ಗೂ ಎತ್ತರದಲ್ಲಿದೆ. ಹೇರು ಹೊರಲು ಎತ್ತು, ಕತ್ತೆ, ಕುದುರೆ ಯಾವುದೂ ಆ ನಾಡಿನಲ್ಲಿ ಮೊದಲಿಂದ ಇರಲಿಲ್ಲ. ಎಲ್ಲವೂ ಮನುಷ್ಯರ ಬೆನ್ನ ಮೇಲೆ, ಹಣೆಗೆ ಪಟ್ಟಿ ಕಟ್ಟಿಕೊಂಡು. ಮೆಕ್ಸಿಕೋದ ಮೊದಲ ಬಿಷಪ್ ಹುವಾನ್ ದೆ ಸುಮಾರ್ರಾಗ ರಾಜನಿಗೆ ಬರೆದ ಪತ್ರದ ಪ್ರಕಾರ, ಹೀಗೆ ಹೊತ್ತು ಹೋಗುವಾಗ ಚಳಿ ಮಳೆಗೆ ಸಿಕ್ಕಿ ದಾರಿಯಲ್ಲೇ ಸತ್ತವರು ನೂರಕ್ಕೂ ಹೆಚ್ಚು. ಒಬ್ಬ ಜಡ್ಜ್ ಬೆಳಗ್ಗೆ ತಿನ್ನುವ ಮೊಟ್ಟೆ ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಇದು.

ಮೊದಲ ಪ್ರಯತ್ನ: ಬಾಯಿಮಾತಿನ ದೂರು

1529ರಲ್ಲಿ ಊರಿನ ಹಿರಿಯರು ಗುಟ್ಟಾಗಿ ಬಿಷಪ್ ಹತ್ತಿರ ಹೋದರು. ಇದು ಮೊದಲ ದೊಡ್ಡ ನಿರ್ಧಾರ. ಬಿಷಪ್‌ಗೆ ‘ಇಂಡಿಯನ್ನರ ರಕ್ಷಕ’ ಅನ್ನುವ ಸರ್ಕಾರಿ ಹುದ್ದೆಯೂ ಇತ್ತು (ಆ ನಾಡಿನ ಮೂಲನಿವಾಸಿಗಳನ್ನು ಸ್ಪ್ಯಾನಿಷರು ಇಂಡಿಯನ್ನರು ಅನ್ನುತ್ತಿದ್ದರು). ಹಾಗಾಗಿ ಆಯ್ಕೆ ತಪ್ಪಲ್ಲ. ದಣಿಗೆ ನಾವು ಕೊಡಬೇಕಾದದ್ದನ್ನು ಕೊಡುತ್ತಿದ್ದೇವೆ, ಇದು ಅದರ ಮೇಲಿನದು, ತಡೆಯಲು ಆಗುತ್ತಿಲ್ಲ ಅಂದರು.

ಬಿಷಪ್ ಒಳ್ಳೆ ಮನಸ್ಸಿನಿಂದಲೇ ಒಂದು ತಪ್ಪು ಮಾಡಿದ. ಯಾರ ಮೇಲೆ ದೂರೋ ಅವರ ಹತ್ತಿರವೇ ಹೋಗಿ, ಸ್ವಲ್ಪ ಕಮ್ಮಿ ಮಾಡಿ ಅಂತ ಕೇಳಿದ. ದೂರು ಕೊಟ್ಟವರ ಹೆಸರು ಹೇಳಲಿಲ್ಲ. ಆದರೆ ಅವರಿಗೆ ಗೊತ್ತಾಗದೆ ಇರುತ್ತಾ? ನೀನು ನಿನ್ನ ಚರ್ಚು ನೋಡಿಕೋ ಅನ್ನುವ ಧಾಟಿಯಲ್ಲಿ ಉತ್ತರ ಬಂತು. ಹಿರಿಯರನ್ನು ಹಿಡಿದು ತರಲು ಪೇದೆಯನ್ನೂ ಕಳಿಸಿದರು.

ಬಿಷಪ್ ಅದಕ್ಕೂ ಮೊದಲೇ ಊರಿಗೆ ಸುದ್ದಿ ಮುಟ್ಟಿಸಿದ. ಹಿರಿಯರು ಊರಿನಲ್ಲಿದ್ದ, ಫ್ರಾನ್ಸಿಸ್ಕನ್ನರು ಅನ್ನುವ ಕ್ರೈಸ್ತ ಸನ್ಯಾಸಿಗಳ ಮಠದೊಳಗೆ ಹೋಗಿ ಸೇರಿಕೊಂಡರು. ಚರ್ಚಿನೊಳಗೆ ಆಶ್ರಯ ಪಡೆದವರನ್ನು ಎಳೆಯುವಂತಿಲ್ಲ ಅನ್ನುವ ನಿಯಮ ಸ್ಪೇನ್‌ನದು. ಆ ನಿಯಮ ತಮಗೂ ಅನ್ವಯಿಸುತ್ತೆ ಅಂತ ಈ ಜನ ಆಗಲೇ ತಿಳಿದುಕೊಂಡಿದ್ದರು. ಹೊಸ ದೇವರು ಬಂದು ಐದು ವರ್ಷ ಆಗಿತ್ತು ಅಷ್ಟೇ. ಫ್ರಾನ್ಸಿಸ್ಕನ್ನರ ಹನ್ನೆರಡು ಜನರ ತಂಡ ಮೆಕ್ಸಿಕೋಗೆ ಬಂದಿದ್ದೇ 1524ರಲ್ಲಿ.

ಜಗಳ ದೊಡ್ಡದಾಯಿತು. ಮೆಕ್ಸಿಕೋ ಸಿಟಿಯಲ್ಲಿ ಈ ಬಗ್ಗೆ ಉಪದೇಶ ಮಾಡುತ್ತಿದ್ದ ಒಬ್ಬ ಫ್ರಾನ್ಸಿಸ್ಕನ್ ಸನ್ಯಾಸಿಯನ್ನು ಮಂಡಳಿಯ ಪೇದೆ ವೇದಿಕೆಯಿಂದ ಎಳೆದು ಇಳಿಸಿದ. ಬಿಷಪ್ 1529ರ ಆಗಸ್ಟ್ 27ರಂದು ರಾಜನಿಗೆ ಉದ್ದದ ಪತ್ರ ಬರೆದ. ಆದರೆ ಹಡಗಿನಲ್ಲಿ ಹೋಗುವ ಟಪಾಲನ್ನು ಮಂಡಳಿಯವರು ತಡೆದು ಓದುತ್ತಿದ್ದರು. ಒಬ್ಬ ನಾವಿಕ ಅದನ್ನು ಮೇಣದ ಉಂಡೆಯೊಳಗೆ ಬಚ್ಚಿಟ್ಟು ಸಾಗಿಸಿದ ಅನ್ನುವ ಕಥೆ ಇದೆ. ಹೇಗೆ ಹೋಯಿತೋ, ಸ್ಪೇನ್ ಮುಟ್ಟಿತು.

ಈ ಪತ್ರ ಕೆಲಸ ಮಾಡಿತು, ಆದರೆ ನಿಧಾನಕ್ಕೆ. ಅಷ್ಟರಲ್ಲಿ ಊರಿನವರಿಗೆ ಇನ್ನೊಂದು ಗಂಡಾಂತರ ಬಂತು.

ಬಾವುಟ

ಗುಸ್ಮಾನ್‌ಗೆ ತನ್ನ ಅಧಿಕಾರ ಹೆಚ್ಚು ದಿನ ಇರಲ್ಲ ಅನ್ನುವ ವಾಸನೆ ಬಂದಿತ್ತು. ರಾಜನನ್ನು ಒಲಿಸಿಕೊಳ್ಳಲು ಪಶ್ಚಿಮಕ್ಕೆ ದಂಡೆತ್ತಿ ಹೊರಟ. 1529ರ ಡಿಸೆಂಬರ್‌ನಲ್ಲಿ. ಈ ದಂಡು ಮಾಡಿದ ಅನಾಹುತ ಬೇರೆಯೇ ಕಥೆ. ಪಶ್ಚಿಮದ ಮಿಚೋಆಕಾನ್ ಅನ್ನುವ ನಾಡಿನ ಅರಸನನ್ನು ಹಿಂಸಿಸಿ ಕೊಂದಿದ್ದು ಇದೇ ಯಾತ್ರೆಯಲ್ಲಿ, 1530ರ ಫೆಬ್ರವರಿಯಲ್ಲಿ.

ದಂಡಿಗೆ ವೆಹೋತ್ಸಿಂಗೊದಿಂದ ಆಳು ಬೇಕು. ಆಳುಗಳಿಗೆ ಬಟ್ಟೆ, ಚಪ್ಪಲಿ, ಈಟಿ ಎಲ್ಲ ಊರೇ ಕೊಡಬೇಕು. ಊರಿನ ಅರಸು ಮನೆತನದವನೊಬ್ಬನೂ ಹೊರಡಬೇಕು, ಅವನಿಗೆ ಕುದುರೆ ಬೇಕು, ಅದನ್ನೂ ಊರೇ ಕೊಳ್ಳಬೇಕು. ಇಷ್ಟು ಸಾಲದು ಅಂತ, ದಂಡಿನ ಮುಂದೆ ಹಿಡಿಯಲು ಮೇರಿ ಮಾತೆಯ ಒಂದು ಬಾವುಟ. ಬೆಲೆಬಾಳುವ ಗರಿ, ಚಿನ್ನದ ತಗಡು ಹಾಕಿ ಮಾಡಿದ್ದು.

ಊರಿನ ಹತ್ತಿರ ಅಷ್ಟು ಚಿನ್ನ ಇರಲಿಲ್ಲ. ಏನು ಮಾಡಿದರು? 20 ಗುಲಾಮರನ್ನು ಮಾರಿದರು. ಬಂದ ಚಿನ್ನದಿಂದ ತಾಯಿ ಮತ್ತು ಮಗುವಿನ ಬಾವುಟ ಸಿದ್ಧವಾಯಿತು.

ಈ ಪ್ರಕರಣವನ್ನು ಸುಮ್ನೆ ‘ಬಡ ಊರು, ದುಷ್ಟ ಅಧಿಕಾರಿ’ ಅಂತ ಹೇಳಿ ಮುಗಿಸಬಹುದು. ಈ 20 ಜನ ಹಾಗೆ ಮುಗಿಸಲು ಬಿಡುವುದಿಲ್ಲ. ಕೇಳಿದ್ದು ಗುಸ್ಮಾನ್. ಯಾರನ್ನು ಕೊಟ್ಟು ತೀರಿಸೋದು ಅಂತ ತೀರ್ಮಾನಿಸಿದ್ದು ಊರಿನ ದೊಡ್ಡವರು. ಮಠದಲ್ಲಿ ಆಶ್ರಯ ಸಿಕ್ಕಿದ್ದು ಹಿರಿಯರಿಗೆ, ಇವರಿಗಲ್ಲ.

ಎರಡನೇ ಪ್ರಯತ್ನ: ಎಣಿಸಿ ತೋರಿಸಿದ್ದು

1530ರಲ್ಲಿ ಕೊರ್ಟೆಸ್ ವಾಪಸ್ ಬಂದ, ಈಗ ಮಾರ್ಕ್ವೆಸ್ ಬಿರುದಿನ ಜೊತೆ. ರಾಜ ಹಳೆ ಮಂಡಳಿಯನ್ನು ಕಿತ್ತು ಹೊಸದನ್ನು ನೇಮಿಸಿದ. ಹೊಸ ಜಡ್ಜ್‌ಗಳು 1531ರ ಆರಂಭದಲ್ಲಿ ಕೆಲಸ ಶುರು ಮಾಡಿದರು. ಮುಂದೆ ಮಿಚೋಆಕಾನ್‌ನ ಬಿಷಪ್ ಆಗಿ ಹೆಸರು ಮಾಡಿದ ವಾಸ್ಕೊ ದೆ ಕಿರೋಗಾ ಇವರಲ್ಲಿ ಒಬ್ಬ. ಸ್ಪೇನ್‌ನಲ್ಲಿ ಒಂದು ಪದ್ಧತಿ ಇತ್ತು. ಅಧಿಕಾರಿ ಕೆಲಸ ಬಿಟ್ಟಾಗ ಅವನ ಕಾಲದ ಕೆಲಸವನ್ನೆಲ್ಲ ವಿಚಾರಣೆಗೆ ಹಾಕುವುದು, ಯಾರು ಬೇಕಾದರೂ ದೂರು ಕೊಡಬಹುದು. ಈ ಬಾಗಿಲು ತೆರೆದಾಗಲೇ ಕೊರ್ಟೆಸ್ ಕೇಸು ಹಾಕಿದ.

ಕೇಸಿನಲ್ಲಿ ಅವನು ಕೇಳಿದ್ದು ಏನು ಅಂತ ಗಮನಿಸಿ. ಈ ಊರಿನವರಿಗೆ ಅನ್ಯಾಯವಾಗಿದೆ ಅಂತಲ್ಲ. ಈ ಊರು ನನ್ನದು, ಇದರ ಕಪ್ಪ ನನಗೆ ಬರಬೇಕಿತ್ತು, ಅದನ್ನು ಈ ಮೂವರು ನುಂಗಿದರು ಅಂತ. ಊರಿನವರು ಅವನ ಕಡೆಯ ಸಾಕ್ಷಿಗಳು.

ಹಿರಿಯರ ಮುಂದೆ ಈಗ ಕಷ್ಟದ ಪ್ರಶ್ನೆ. ಹಳೆ ದಣಿಯ ಪರ ನಿಂತರೆ ನಾಳೆ ಅದೇ ದಣಿಗೆ ಹೇರು ಹೊರಬೇಕು. ಸುಮ್ಮನಿದ್ದರೆ ಹೊರಟುಹೋದ ಮಂಡಳಿ ತಿಂದದ್ದೆಲ್ಲ ಹೋದಂತೆಯೇ. ನಿಂತರು. ನನ್ನ ಲೆಕ್ಕದಲ್ಲಿ ಇದು ನಿಷ್ಠೆಯಲ್ಲ. ಇಬ್ಬರು ದೊಡ್ಡವರು ಜಗಳ ಆಡುವಾಗ ಮಾತ್ರ ಸಣ್ಣವರ ಲೆಕ್ಕ ಯಾರಾದರೂ ಕೇಳುತ್ತಾರೆ. ಆ ಕ್ಷಣವನ್ನು ಅವರು ಬಿಡಲಿಲ್ಲ.

ಎರಡು ವರ್ಷದ ಹಿಂದೆ ಬಾಯಿಮಾತಲ್ಲಿ ದೂರು ಹೇಳಿ ಅನುಭವ ಆಗಿತ್ತು. ಈ ಸಲ ತ್ಲಾಕುವಿಲೊಗಳನ್ನು ಕೂರಿಸಿದರು. ತ್ಲಾಕುವಿಲೊ ಅಂದರೆ ಚಿತ್ರದಲ್ಲಿ ಬರೆಯುವವನು, ಅವರ ಕಾಲದ ಶಾನುಭೋಗ ಅನ್ನಿ. ಕಪ್ಪದ ಲೆಕ್ಕವನ್ನು ಚಿತ್ರದಲ್ಲಿ ಇಡೋದು ಅಸ್ತೆಕರ ಕಾಲದಿಂದಲೂ ಇದ್ದ ರೂಢಿ. ಕೋರ್ಟಿಗಾಗಿ ಕಂಡುಹಿಡಿದ ತಂತ್ರವಲ್ಲ, ದಿನನಿತ್ಯದ ಕಸುಬೇ.

ಹಾಳೆ ಒಟ್ಟು ಎಂಟು. ಅಮಾತೆ ಅನ್ನುವ, ಅತ್ತಿ ಜಾತಿಯ ಮರದ ತೊಗಟೆಯನ್ನು ಬಡಿದು ಮಾಡಿದ ಕಾಗದ ಮತ್ತು ಕತ್ತಾಳೆ ನಾರಿನ ಕಾಗದ. ಇವತ್ತಿಗೂ ಉಳಿದಿವೆ, ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅವುಗಳ ಫೋಟೊ ಹಿಗ್ಗಿಸಿ ನೋಡಿದರೆ ಕೂದಲಿನಷ್ಟು ತೆಳು ಗೆರೆಗಳೂ ಕಾಣುತ್ತವೆ.

ಓದುವ ಬಗೆ ಒಂದು ಸಲ ತಿಳಿದರೆ ಮಕ್ಕಳೂ ಓದಬಹುದು. ಒಂದಕ್ಕೆ ಒಂದು ಚುಕ್ಕಿ ಅಥವಾ ಗೆರೆ. 20ಕ್ಕೆ ಒಂದು ಸಣ್ಣ ಬಾವುಟ. 400ಕ್ಕೆ ಕೂದಲು ಅಥವಾ ಗರಿಯಂತೆ ನಿಂತ ಗುರುತು. 8,000ಕ್ಕೆ ಒಂದು ಚೀಲ. ನಾವು ಹತ್ತು, ನೂರು, ಸಾವಿರ ಅಂತ ಏರಿದ ಹಾಗೆ ಅವರು ಇಪ್ಪತ್ತರಿಂದ ಇಪ್ಪತ್ತಕ್ಕೆ ಏರುತ್ತಾರೆ. ಇಪ್ಪತ್ತು ಇಪ್ಪತ್ತಲೆ ನಾನೂರು, ನಾನೂರು ಇಪ್ಪತ್ತಲೆ ಎಂಟು ಸಾವಿರ. ವಸ್ತುವಿನ ಚಿತ್ರ ಬರೆದು ಅದರ ಮೇಲೆ ಈ ಗುರುತು ಹಾಕಿದರೆ ಲೆಕ್ಕ ಮುಗಿಯಿತು. ಇಟ್ಟಿಗೆಯ ಮೇಲೆ ಮೂರು ಬಾವುಟ ಇದ್ದರೆ 60 ಇಟ್ಟಿಗೆ, ಅಷ್ಟೇ. ವ್ಯಾಕರಣ ಇಲ್ಲ, ಗೋಳಾಟ ಇಲ್ಲ.

ಹಾಳೆಗಳಲ್ಲಿ ಇರೋದು ಇಟ್ಟಿಗೆ, ಸುಣ್ಣ, ಮರ, ಮಡಕೆ, ನೇಯ್ದ ಬಟ್ಟೆ, ಟರ್ಕಿ ಕೋಳಿ, ಬೀನ್ಸ್, ಮೆಕ್ಕೆಜೋಳ. ನಮ್ಮ ದಾವಣಗೆರೆ, ಹಾವೇರಿ ಕಡೆ ಈಗ ಎಕರೆಗಟ್ಟಲೆ ಬೆಳೆಯುವ ಮೆಕ್ಕೆಜೋಳದ ತವರು ಅದೇ ನಾಡು. ಇಟ್ಟಿಗೆ ಸುಣ್ಣ ಯಾಕೆ ಅಂದರೆ, ಕೆಡವಿದ ತೆನೋಚ್ಟಿಟ್ಲಾನ್ ಮೇಲೆ ಆಗ ಹೊಸ ಊರು ಏಳುತ್ತಿತ್ತು. ಸಾಮಾನೂ ಇವರದೇ, ಕೂಲಿಯಿಲ್ಲದ ಆಳೂ ಇವರದೇ.

ಐದನೇ ಹಾಳೆಯಲ್ಲಿ ಆ ಬಾವುಟ ಇದೆ. ಕೂತ ತಾಯಿ, ತೋಳಲ್ಲಿ ಮಗು. ಅಮೆರಿಕಾ ಖಂಡದ ಮೂಲನಿವಾಸಿಯೊಬ್ಬ ಬರೆದ ಮೇರಿ ಚಿತ್ರಗಳಲ್ಲಿ ತೀರಾ ಹಳೆಯದರಲ್ಲಿ ಇದೂ ಒಂದು. ಕಲಾ ಇತಿಹಾಸದವರು ಇದನ್ನು ನೋಡಲೆಂದೇ ಬರುತ್ತಾರೆ. ಆದರೆ ಬರೆದವನಿಗೆ ಇದು ಪೂಜೆಯ ಚಿತ್ರವಲ್ಲ, ಖರ್ಚಿನ ಬಾಬತ್ತು. ಅದರ ಜೊತೆಗೇ ಗರಿ, ಚಿನ್ನ, ಮತ್ತು ಮಾರಿದ ಗಂಡಸರು, ಹೆಂಗಸರು. ಕೋಳಿ ಎಣಿಸಿದ ಹಾಗೆಯೇ ಅವರನ್ನೂ ಎಣಿಸಿದ್ದಾರೆ. ಹೆಸರು ಇಲ್ಲ. ಈ ಬರಹದಲ್ಲಿ ನಾನು ಬೇಕಂತಲೇ ಹೆಸರು ಬಿಟ್ಟಿದ್ದೇನೆ. ಆ 20 ಜನರ ಹೆಸರು ಮಾತ್ರ ಬಿಡಲಿಕ್ಕೂ ಅಲ್ಲಿಲ್ಲ.

ಕೋರ್ಟಿನಲ್ಲಿ ಏನಾಯಿತು

ಸಾಕ್ಷಿಗಳು ಒಬ್ಬೊಬ್ಬರಾಗಿ ದುಭಾಷಿಗಳ ಮೂಲಕ ಹೇಳಿಕೆ ಕೊಟ್ಟರು. ಹಾಳೆಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಿ ಕೇಸಿನ ಕಾಗದಗಳ ಜೊತೆ ಸೇರಿಸಿದರು. ಜಡ್ಜ್‌ಗಳು ಅದನ್ನು ಕಾಡುಜನರ ಗೀಚಾಟ ಅಂತ ಪಕ್ಕಕ್ಕೆ ತಳ್ಳಲಿಲ್ಲ. ಅದು ಅವರ ದೊಡ್ಡತನ ಮಾತ್ರ ಅಲ್ಲ. ಆ ನಾಡಿನಲ್ಲಿ ಯಾರು ಎಷ್ಟು ಕೊಡುತ್ತಿದ್ದರು ಅನ್ನೋದಕ್ಕೆ ಬೇರೆ ಲೆಕ್ಕ ಎಲ್ಲಿತ್ತು?

ಚಿತ್ರದಿಂದ ಆದ ಉಪಕಾರ ಏನು ಅಂತ ಯೋಚಿಸಿದಾಗ ನನಗೆ ಕಾಣೋದು ದುಭಾಷಿಯ ವಿಷಯ. ಹಿಂದೆ ಇದೇ ಊರನ್ನು ಸುಲಿದವರಲ್ಲಿ ಒಬ್ಬ ದುಭಾಷಿಯೇ ಅಲ್ಲವೇ. ಮಾತು ಬಾಯಿಂದ ಬಾಯಿಗೆ ಹೋಗುವಾಗ ತಿರುಚಬಹುದು. ‘ತುಂಬಾ ಕೊಟ್ಟೆವು’ ಅನ್ನೋದು ‘ಸ್ವಲ್ಪ ಕೊಟ್ಟರಂತೆ’ ಆಗಬಹುದು. ಹಾಳೆಯ ಮೇಲಿನ ಬಾವುಟವನ್ನು ಹಾಗೆ ತಿರುಚಲು ಆಗಲ್ಲ, ಜಡ್ಜ್ ತಾನೇ ಬೆರಳಿಟ್ಟು ಎಣಿಸಬಹುದು. ಇನ್ನೊಂದು, ಸಾಕ್ಷಿಗಳೆಲ್ಲರ ಮಾತಿಗೂ ಆಧಾರ ಒಂದೇ ಹಾಳೆ. ಒಬ್ಬರದು ಒಂದು, ಇನ್ನೊಬ್ಬರದು ಇನ್ನೊಂದು ಅನ್ನುವ ಗೊಂದಲಕ್ಕೆ ಜಾಗ ಕಮ್ಮಿ.

ಆದರೂ ಚಿತ್ರಕ್ಕೇ ಎಲ್ಲ ಶ್ರೇಯ ಕೊಡೋದು ಬೇಡ. 1529ರಲ್ಲಿ ಇದೇ ಎಂಟು ಹಾಳೆ ಹಿಡಿದು ಹೋಗಿದ್ದರೆ ಏನಾಗುತ್ತಿತ್ತು? ಜಡ್ಜ್‌ಗಳೇ ಆರೋಪಿಗಳು. ಹಾಳೆ ಒಲೆಗೆ ಹೋಗುತ್ತಿತ್ತು. ಬದಲಾದದ್ದು ಎರಡು: ಕೇಳುವ ಕಿವಿ ಬಂತು, ಆ ಹೊತ್ತಿಗೆ ಲೆಕ್ಕ ಸಿದ್ಧವಾಗಿತ್ತು. ಒಂದೇ ಇದ್ದು ಇನ್ನೊಂದು ಇಲ್ಲದಿದ್ದರೆ ಕೆಲಸ ಆಗುತ್ತಿರಲಿಲ್ಲ.

ಕೇಸು ಸ್ಪೇನ್‌ಗೆ ಹೋಯಿತು. 1538ರಲ್ಲಿ ರಾಜ ಚಾರ್ಲ್ಸ್ ತೀರ್ಪನ್ನು ಒಪ್ಪಿ, ವೆಹೋತ್ಸಿಂಗೊದಿಂದ ಕಿತ್ತುಕೊಂಡ ಕಪ್ಪದಲ್ಲಿ ಮೂರರಲ್ಲಿ ಎರಡು ಪಾಲನ್ನು ವಾಪಸ್ ಕೊಡಬೇಕು ಅಂದ. ಗುಸ್ಮಾನ್‌ನನ್ನು ಅದಕ್ಕೂ ಒಂದು ವರ್ಷ ಮುಂಚೆಯೇ, 1537ರಲ್ಲಿ, ಹಿಡಿದು ಸೆರೆಗೆ ಹಾಕಿದ್ದರು. ಆಮೇಲೆ ಅವನು ಸ್ಪೇನ್‌ಗೆ ಹೋದವನು ಮತ್ತೆ ಮೆಕ್ಸಿಕೋ ಮುಖ ನೋಡಲಿಲ್ಲ.

ಮೂರರಲ್ಲಿ ಎರಡು. ವಸಾಹತು ಕಾಲದ ಕೋರ್ಟಿನಲ್ಲಿ ಇದು ಸಣ್ಣ ಗೆಲುವಲ್ಲ. ಆದರೆ ತೀರ್ಪು ಹೇಳಿದ್ದು ಸಾಮಾನಿನ ಬಗ್ಗೆ. ಕಣಿವೆ ದಾರಿಯಲ್ಲಿ ಸತ್ತವರು ಎಂಟು ಹಾಳೆಯ ಬಾಬತ್ತಿಗೆ ಬರುವವರಲ್ಲ. ಲೆಕ್ಕದ ಶಕ್ತಿ ಎಲ್ಲಿದೆಯೋ ಅದರ ಕೊರತೆಯೂ ಅಲ್ಲೇ ಇದೆ ಅಂತ ನನಗನ್ನಿಸುತ್ತೆ. ಎಣಿಸಲು ಬರುವುದಕ್ಕೆ ಮಾತ್ರ ಪರಿಹಾರ ಕೇಳಬಹುದು. ಕಪ್ಪ ಅನ್ನೋದೇ ನ್ಯಾಯವೇ ಅಂತ ಈ ಕೇಸಿನಲ್ಲಿ ಯಾರೂ ಕೇಳಲಿಲ್ಲ. ಕೇಳಲು ಅಲ್ಲಿ ಜಾಗವೇ ಇರಲಿಲ್ಲ. ಯಾರಿಗೆ ಸೇರಬೇಕು, ಎಷ್ಟು ಸೇರಬೇಕು, ಇಷ್ಟೇ ವಾದ.

ಇಪ್ಪತ್ತೆರಡು ವರ್ಷದ ನಂತರ

ಈ ಊರಿನ ದನಿ ಮತ್ತೆ ಗಟ್ಟಿಯಾಗಿ ಕೇಳೋದು 1560ರಲ್ಲಿ. ಆಗ ಇವರ ಕಪ್ಪ ನೇರವಾಗಿ ರಾಜನಿಗೇ ಹೋಗುತ್ತಿತ್ತು, ನಡುವೆ ದಣಿ ಇಲ್ಲ. ರಾಜ ಎರಡನೇ ಫಿಲಿಪ್. ನಡುವೆ 1545ರಿಂದ ಬಂದ ಭೀಕರ ಸಾಂಕ್ರಾಮಿಕ ರೋಗ ಮೆಕ್ಸಿಕೋದ ಊರೂರುಗಳನ್ನು ಬರಿದು ಮಾಡಿತ್ತು. ಬಾವುಟದ ಕಾಲ ಕಂಡ ಹಿರಿಯರ ಮಕ್ಕಳು ಈಗ ಊರ ಸಭೆಯಲ್ಲಿ ಕೂತಿದ್ದರು.

ಜುಲೈ 30ರಂದು ಅವರು ರಾಜನಿಗೆ ಒಂದು ಪತ್ರ ಬರೆದರು. ಈ ಸಲ ಚಿತ್ರವಿಲ್ಲ. ನಾವಾತ್ಲ್ ಭಾಷೆ, ಆದರೆ ಸ್ಪ್ಯಾನಿಷರಿಂದ ಕಲಿತ ಅಕ್ಷರ. ಈ ಸಲ ಬರೀ ಎಣಿಕೆಯೂ ಅಲ್ಲ. ನೆನಪು ಮಾಡಿಕೊಟ್ಟರು. ನಿಮ್ಮವರು ಬಂದಾಗ ನಾವು ಎದುರು ನಿಂತವರಲ್ಲ. ಅನ್ನ ಕೊಟ್ಟೆವು, ಗಾಯಾಳುಗಳನ್ನು ಹೊತ್ತೆವು. ಸರೋವರದಲ್ಲಿ ಕಾದಾಡಲು ಹಡಗು ಕಟ್ಟುವಾಗ ಮರವನ್ನೂ ರಾಳವನ್ನೂ ನಾವು ಕೊಟ್ಟೆವು. ತ್ಲಾಸ್ಕಾಲಾದವರಿಗೆ ಸಿಕ್ಕ ರಿಯಾಯಿತಿ ನಮಗೆ ಯಾಕಿಲ್ಲ? ಇದು ಪತ್ರದ ಸಾರ.

ಇಷ್ಟೆಲ್ಲ ಬರೆದದ್ದು ಯಾಕೆ ಅಂದರೆ ಕಪ್ಪವನ್ನು ಏರಿಸಿದ್ದರು. ಆ ಸಂಖ್ಯೆಯೂ ಪತ್ರದಲ್ಲಿದೆ: 14,800 ಪೆಸೊ, ಜೊತೆಗೆ ಅಷ್ಟೇ ಫನೇಗಾ (ಧಾನ್ಯ ಅಳೆಯುವ ಸ್ಪ್ಯಾನಿಷ್ ಅಳತೆ) ಮೆಕ್ಕೆಜೋಳ. ಹಳೆಯ ತ್ಲಾಕುವಿಲೊ ಬರೆದಿದ್ದರೆ ಒಂದು ಚೀಲ, ಹದಿನೇಳು ಗರಿ. ಜೋಳಕ್ಕೂ ಅಷ್ಟೇ.